ಬೋಲ್ಟಿನ ಹಿಂದಿನ ಗೋಡೆ: ಸಣ್ಣ ಹಾಯಿದೋಣಿಗೆ ಮೋಟಾರು ಕೂರಿಸುವ ಕೆಲಸ

(ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಹಾಯಿದೋಣಿ ನಡೆಸುವ ಕನ್ನಡಿಗ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೇಳಿದವರ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಾಯಿದೋಣಿ ಇಟ್ಟುಕೊಂಡವರಿಗೆ ಮೋಟಾರಿನ ಬಗ್ಗೆ ಒಂದು ಬಗೆಯ ತಾತ್ಸಾರ ಇರುತ್ತದೆ. ಗಾಳಿಯಲ್ಲಿ ಓಡುವ ದೋಣಿಗೆ ಪೆಟ್ರೋಲಿನ ವಾಸನೆ ಏತಕ್ಕೆ ಎಂಬ ಭಾವ. ಅದೇ ತಾತ್ಸಾರ ಮೋಟಾರನ್ನು ಹೊತ್ತಿರುವ ಬ್ರಾಕೆಟ್ಟಿನ ಮೇಲೂ, ಅಂದರೆ ದೋಣಿಯ ಹಿಂಬದಿಗೆ ಬಿಗಿದ, ಸ್ಪ್ರಿಂಗಿನ ನೆರವಿನಿಂದ ಏರಿಸಿ ಇಳಿಸಬಹುದಾದ ಚೌಕಟ್ಟಿನ ಮೇಲೂ, ಇಳಿಯುತ್ತದೆ. ಹಾಯಿಯ ಹೊಲಿಗೆಯನ್ನು ವರ್ಷಕ್ಕೊಮ್ಮೆ ಬಿಡಿಸಿ ನೋಡುವವರೂ ಬ್ರಾಕೆಟ್ಟಿನ ಹಿಂಬದಿಯನ್ನು ದೋಣಿ ಕೊಂಡ ದಿನದಿಂದ ನೋಡಿರುವುದಿಲ್ಲ. ನಮ್ಮ ಕೊಲ್ಲಿಯಲ್ಲಿ ಇದು ಸಣ್ಣ ಮಾತಲ್ಲ. ಇಳಿತ ಜೋರಾಗಿರುವಾಗ ಗೋಲ್ಡನ್ ಗೇಟ್ ಬಳಿ ನೀರು 4-5 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ ಸಾಗರದತ್ತ ಎಳೆಯುತ್ತದೆ. ನಮ್ಮ 22 ಅಡಿಯ ದೋಣಿ ಎಷ್ಟೇ ಓಡಿದರೂ 6 ನಾಟ್ ಆಸುಪಾಸು. ಗಾಳಿ ಬಿದ್ದುಹೋದ ಸಂಜೆ ಆ ಸೆಳೆತಕ್ಕೆ ಎದುರಾಗಿ ಮನೆಗೆ ಮರಳಬೇಕಾದಾಗ ಹಿಂದೆ ನೇತಾಡುತ್ತಿರುವ ಆ ಯಂತ್ರವೊಂದೇ ಗತಿ.

ಉದಾಹರಣೆಗೆ ಕ್ಯಾಟಲಿನಾ 22 ಅನ್ನು ಇಟ್ಟುಕೊಳ್ಳೋಣ. ಫ್ರಾಂಕ್ ಬಟ್ಲರ್ ವಿನ್ಯಾಸದ ಈ ದೋಣಿ 1969ರಲ್ಲಿ ಹೊರಬಂತು. ಅಂದಿನಿಂದ 15,000ಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ. ಇಲ್ಲಿ ಕೂತಿರುವ ಹಲವರ ಬಳಿ ಇರುವುದೂ ಇದೇ, ಅವುಗಳಲ್ಲಿ ಕೆಲವು ಅವುಗಳ ಮಾಲೀಕರಿಗಿಂತ ಹಿರಿಯವು. ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು ತೂಕದ ಈ ದೋಣಿಗೆ 4ರಿಂದ 6 ಅಶ್ವಶಕ್ತಿಯ ಮೋಟಾರು ಧಾರಾಳವಾಗಿ ಸಾಕು.

ಆದರೆ ಆ ಮೋಟಾರಿನ ತೂಕ ಬದಲಾಗಿದೆ. 1998ರಿಂದ ಅಮೆರಿಕದಲ್ಲಿ ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗಡೆ ತೂಗುಹಾಕುವ) ಮೋಟಾರುಗಳ ಹೊಗೆಯ ಮೇಲಿನ ನಿಯಮಗಳು ಹಂತಹಂತವಾಗಿ ಬಿಗಿಯಾದವು. ಹಗುರವಾದ ಹಳೆಯ ಟೂ ಸ್ಟ್ರೋಕ್ ಮೋಟಾರುಗಳು ಅಂಗಡಿಗಳಿಂದ ಮರೆಯಾಗಿ ಫೋರ್ ಸ್ಟ್ರೋಕ್ ಬಂದವು. ಇಂದಿನ 6 ಅಶ್ವಶಕ್ತಿಯ ಒಂದು ಸಿಲಿಂಡರಿನ ಮೋಟಾರು ಸುಮಾರು 26 ಕೆಜಿ ತೂಗುತ್ತದೆ, 9.9 ಅಶ್ವಶಕ್ತಿಯದು 40 ಕೆಜಿಯ ಆಸುಪಾಸು. ಮೋಟಾರು ಬದಲಾಯಿಸಿದವರು ಬ್ರಾಕೆಟ್ಟನ್ನು ಬದಲಾಯಿಸಲಿಲ್ಲ, ಬ್ರಾಕೆಟ್ ಬದಲಾಯಿಸಿದವರು ಅದೇ ಹಳೆಯ ತೂತುಗಳನ್ನು ಬಳಸಿದರು. ಹಳೆಯ ಬ್ರಾಕೆಟ್ಟಿನ ಮೇಲೆ ಬರೆದಿರುವ ಅಶ್ವಶಕ್ತಿಯ ಮಿತಿಯನ್ನು ನಂಬಬೇಡಿ. ಅದು ಟೂ ಸ್ಟ್ರೋಕ್ ಕಾಲದ ತೂಕವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಕಿಲೋ ಲೆಕ್ಕದಲ್ಲಿ ಮಿತಿ ಎಷ್ಟೆಂದು ನೋಡಿ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಎಂಜಿನಿಯರುಗಳೇ ತುಂಬಿರುವ ಸಭೆ ಇದು, ಯಾರೂ ಎದ್ದು ಹೋಗುವುದಿಲ್ಲ ಎಂಬ ಧೈರ್ಯ ನನಗಿದೆ.

ದೋಣಿಯ ಹಿಂತುದಿಯಲ್ಲಿ ಅಡ್ಡಲಾಗಿ ನಿಂತಿರುವ ಗೋಡೆಯೇ ಟ್ರಾನ್ಸಮ್. ಅದಕ್ಕೆ ನಾಲ್ಕು ಬೋಲ್ಟುಗಳಿಂದ ಬ್ರಾಕೆಟ್ ಬಿಗಿದಿದ್ದೇವೆ, ಬ್ರಾಕೆಟ್ಟಿನ ಹಲಗೆಗೆ ಮೋಟಾರು ಕಚ್ಚಿಕೊಂಡಿದೆ. ನಿಧಾನವಾಗಿ ಚಲಿಸುವ ದೋಣಿಯಲ್ಲಿ ಒಂದು ಅಶ್ವಶಕ್ತಿಗೆ ಸುಮಾರು 10 ಕೆಜಿ ನೂಕುಬಲ ಎಂಬುದು ಒರಟು ಲೆಕ್ಕ. ಹಾಗಾದರೆ 6 ಅಶ್ವಶಕ್ತಿಗೆ 60 ಕೆಜಿ. ಈ ಬಲ ಹುಟ್ಟುವುದು ಪ್ರೊಪೆಲರಿನಲ್ಲಿ, ಅಂದರೆ ಬೋಲ್ಟುಗಳಿಂದ ಸುಮಾರು 80 ಸೆಂ.ಮೀ. ಕೆಳಗೆ. ಕೆಳಗಿನ ತುದಿಯನ್ನು ಮುಂದಕ್ಕೆ ನೂಕಿದರೆ ಮೇಲಿನ ತುದಿ ಹಿಂದಕ್ಕೆ ಏಳಲು ನೋಡುತ್ತದೆ. ಬ್ರಾಕೆಟ್ಟಿನ ಕೆಳ ಅಂಚು ಗೋಡೆಯನ್ನು ಒತ್ತುತ್ತದೆ, ಮೇಲಿನ ಎರಡು ಬೋಲ್ಟುಗಳು ಗೋಡೆಯಿಂದ ಕಿತ್ತು ಬರಲು ಎಳೆಯುತ್ತವೆ. ಮೋಟಾರಿನ ತೂಕ ಮಾಡುವುದೂ ಇದನ್ನೇ. 26 ಕೆಜಿ ಟ್ರಾನ್ಸಮ್ಮಿನಿಂದ 35 ಸೆಂ.ಮೀ. ಹಿಂದೆ ತೂಗುತ್ತಿರುವಾಗ ಅದೂ ಮೇಲಿನ ಬೋಲ್ಟುಗಳನ್ನೇ ಎಳೆಯುತ್ತದೆ. ಎರಡನ್ನೂ ಕೂಡಿಸಿದರೆ ಸುಮಾರು 57 ಕೆಜಿ-ಮೀಟರ್ ತಿರುಚುಬಲ. ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 15 ಸೆಂ.ಮೀ. ಅಂತರವಿದ್ದರೆ ಮೇಲಿನ ಜೋಡಿಯ ಮೇಲೆ 380 ಕೆಜಿ, ಒಂದೊಂದರ ಮೇಲೆ 190 ಕೆಜಿ ಎಳೆತ ಬೀಳುತ್ತದೆ. ಅಷ್ಟು ಸಣ್ಣ ಮೋಟಾರಿನಿಂದ ಇಷ್ಟು ಎಳೆತವೇ ಎಂದು ಅಚ್ಚರಿಯಾಗಬಹುದು. ಬೋಲ್ಟುಗಳ ಅಂತರವನ್ನು 15ರಿಂದ 20 ಸೆಂ.ಮೀ.ಗೆ ಹೆಚ್ಚಿಸಿದರೆ ಈ ಎಳೆತ ಕಾಲುಭಾಗ ಇಳಿಯುತ್ತದೆ ಎಂಬುದನ್ನೂ ಗಮನಿಸಿ. ಬ್ರಾಕೆಟ್ ಕೊಳ್ಳುವಾಗ ಬಣ್ಣ ನೋಡುವ ಬದಲು ತೂತುಗಳ ನಡುವಿನ ಅಂತರ ನೋಡಿ.

ಗೇರನ್ನು ರಿವರ್ಸಿಗೆ ಹಾಕಿದ ಕ್ಷಣ ನೂಕುಬಲ ತಿರುಗುತ್ತದೆ. ಈಗ ಕೆಳಗಿನ ಬೋಲ್ಟುಗಳಿಗೆ ಎಳೆತ, ಮೇಲಿನ ಅಂಚಿಗೆ ಒತ್ತಡ. ಜೆಟ್ಟಿಗೆ ದೋಣಿ ತರುವಾಗ ಮುಂದೆ, ಹಿಂದೆ, ಮತ್ತೆ ಮುಂದೆ ಎಂದು ಆಡುತ್ತೇವಲ್ಲ, ಅಷ್ಟೂ ಸಲ ಬ್ರಾಕೆಟ್ ಗೋಡೆಯ ಮೇಲೆ ತೂಗಾಡುತ್ತದೆ.

ಇದಕ್ಕಿಂತ ಕಡೆಗಣಿತವಾದ ಸಂಗತಿ ಮತ್ತೊಂದಿದೆ. ಮೋಟಾರು ಬಂದ್ ಮಾಡಿ, ಮೇಲಕ್ಕೆ ಮಗುಚಿ, ಹಾಯಿ ಏರಿಸಿದ ಮೇಲೆ ಬ್ರಾಕೆಟ್ಟಿಗೆ ವಿಶ್ರಾಂತಿ ಎಂದು ನಾವು ತಿಳಿಯುತ್ತೇವೆ. ಮಗುಚಿದ ಮೋಟಾರಿನ ತೂಕ ಟ್ರಾನ್ಸಮ್ಮಿನಿಂದ ಇನ್ನೂ ದೂರ ಹೋಗುತ್ತದೆ, ಸುಮಾರು 60 ಸೆಂ.ಮೀ. ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟಿನಿಂದ ಬರ್ಕ್ಲಿ ಕಡೆಗೆ ನುಗ್ಗುವ ಗಾಳಿ ಇಳಿತದ ನೀರಿಗೆ ಎದುರಾದಾಗ ಏಳುವ ಗಿಡ್ಡ, ಕಡಿದಾದ ಅಲೆಗಳನ್ನು ನೀವೆಲ್ಲ ತಿಂದವರೇ. ದೋಣಿಯ ಹಿಂಭಾಗ ಎದ್ದು ಬೀಳುವಾಗ 26 ಕೆಜಿ ಒಂದು ಕ್ಷಣ ಅದರ ಮೂರುಪಟ್ಟು ತೂಗಿದರೆ ಸುಮಾರು 47 ಕೆಜಿ-ಮೀಟರ್ ಆಯಿತು. ಪೂರ್ತಿ ವೇಗದಲ್ಲಿ ಮೋಟಾರು ಓಡಿಸಿದ ಹೊರೆಗೆ ಹತ್ತಿರ ಹತ್ತಿರ ಸಮ. ಅದೂ ಒಂದೇ ಮಧ್ಯಾಹ್ನದಲ್ಲಿ ಮತ್ತೆ ಮತ್ತೆ.

ಇಷ್ಟಾದರೂ ಬೋಲ್ಟ್ ತುಂಡಾಗುವುದು ಅಪರೂಪ. ಒಳ್ಳೆಯ ದರ್ಜೆಯ 8 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟು ಒಂದೂವರೆ ಟನ್ನಿನಷ್ಟು ಎಳೆತವನ್ನು ಬಗ್ಗದೆ ತಾಳುತ್ತದೆ. ಅದಕ್ಕೆ 190 ಕೆಜಿ ಯಾವ ಲೆಕ್ಕ? ಆದ್ದರಿಂದ ಬ್ರಾಕೆಟ್ ಅಲುಗಾಡಿತೆಂದು 8 ಮಿ.ಮೀ. ಬೋಲ್ಟು ತೆಗೆದು 10 ಮಿ.ಮೀ.ದನ್ನು ಹಾಕುವುದು ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ ಎಂಬಂತಹ ಕೆಲಸ. ಸೋಲುವುದು ಗೋಡೆ. ನಟ್ಟಿನ ಕೆಳಗಿರುವ ಮಾಮೂಲಿ ವಾಷರಿನ ಅಗಲ 16 ಮಿ.ಮೀ. ಅದರ ಮೈ ಹೆಚ್ಚೆಂದರೆ ಒಂದೂವರೆ ಚದರ ಸೆಂ.ಮೀ. 190 ಕೆಜಿ ಅಷ್ಟರ ಮೇಲೆ ಕೂತರೆ ಚದರ ಸೆಂ.ಮೀ.ಗೆ ಸುಮಾರು 130 ಕೆಜಿ ಒತ್ತಡವಾಗುತ್ತದೆ. ಅದೇ ಜಾಗದಲ್ಲಿ ನಾಲ್ಕೂ ಬೋಲ್ಟುಗಳನ್ನು ಒಳಗೊಂಡ 20 ಸೆಂ.ಮೀ. ಚೌಕದ ಗಟ್ಟಿ ತಟ್ಟೆ ಇದ್ದರೆ, ಅದರ ಅರ್ಧ ಭಾಗವಷ್ಟೇ ಹೊರೆ ಹೊತ್ತರೂ ಚದರ ಸೆಂ.ಮೀ.ಗೆ 2 ಕೆಜಿ ಮೀರುವುದಿಲ್ಲ. ನನ್ನ ಇಡೀ ಮಾತನ್ನು ಮರೆತರೂ ಈ ಎರಡು ಅಂಕಿಗಳನ್ನು ಮರೆಯಬೇಡಿ.

ಗೋಡೆ ಸೋಲುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಈ ಗಾತ್ರದ ಬಹಳಷ್ಟು ಹಳೆಯ ದೋಣಿಗಳ ಟ್ರಾನ್ಸಮ್ಮಿನಲ್ಲಿ, ಕನಿಷ್ಠ ಮೋಟಾರು ಕೂರುವ ಜಾಗದಲ್ಲಾದರೂ, ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಮರ ಇರುತ್ತದೆ. ಸಾಮಾನ್ಯವಾಗಿ ಪ್ಲೈವುಡ್. ಪದರಗಳು ಗಟ್ಟಿಯಾಗಿರುವವರೆಗೆ ಒಳಗಿನ ಮರಕ್ಕೆ ನೀರು ತಾಗದು. ನಾವು ಡ್ರಿಲ್ ಹಿಡಿದು ತೂತು ಕೊರೆದ ದಿನ ಆ ಮರಕ್ಕೆ ಬಾಗಿಲು ತೆರೆದಂತೆ. ತೂತಿನ ಸುತ್ತ ಹಾಕಿದ ಸೀಲೆಂಟ್ (ನೀರು ತಡೆಯುವ ಮೆತ್ತನೆಯ ಅಂಟು) ಬ್ರಾಕೆಟ್ಟಿನ ತೂಗಾಟಕ್ಕೆ ಎಲ್ಲೋ ಒಂದು ಕಡೆ ಬಿಡುತ್ತದೆ. ನೀರು ಹನಿಹನಿಯಾಗಿ ಒಳಸೇರುತ್ತದೆ. ಮರ ಮೆತ್ತಗಾಗುತ್ತದೆ, ಬೋಲ್ಟು ಸಡಿಲವಾಗುತ್ತದೆ. ನಾವು ಸ್ಪ್ಯಾನರ್ ತಂದು ಬಿಗಿಯುತ್ತೇವೆ. ಮೆತ್ತಗಿನ ಮರ ಇನ್ನಷ್ಟು ಕುಗ್ಗುತ್ತದೆ, ಮೇಲಿನ ಪದರ ಬಿರಿಯುತ್ತದೆ, ನೀರಿಗೆ ಇನ್ನೂ ದೊಡ್ಡ ದಾರಿಯಾಗುತ್ತದೆ. ಪ್ರತಿ ವರ್ಷ ಅದೇ ಬೋಲ್ಟನ್ನು ಬಿಗಿಯಬೇಕಾಗಿ ಬರುತ್ತಿದ್ದರೆ ಬೋಲ್ಟು ಸಡಿಲವಾಗುತ್ತಿಲ್ಲ, ಗೋಡೆ ತೆಳ್ಳಗಾಗುತ್ತಿದೆ ಎಂದು ತಿಳಿಯಿರಿ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಟ್ರಾನ್ಸಮ್ಮನ್ನು ತಟ್ಟುತ್ತ ಬನ್ನಿ. ಬ್ರಾಕೆಟ್ಟಿನಿಂದ ದೂರದ ಮೂಲೆಯಲ್ಲಿ ಶುರು ಮಾಡಿ ಬ್ರಾಕೆಟ್ಟಿನತ್ತ ಸಾಗಿ. ಆರೋಗ್ಯವಾಗಿರುವ ಜಾಗದಲ್ಲಿ ಸದ್ದು ಚುರುಕಾಗಿ, ಎತ್ತರದ ದನಿಯಲ್ಲಿ ಬರುತ್ತದೆ. ಒಳಗೆ ಮರ ಕೊಳೆತಿದ್ದರೆ ಅಥವಾ ಪದರ ಬಿಟ್ಟಿದ್ದರೆ ಸದ್ದು ಮಂಕಾಗುತ್ತದೆ. ಎಲ್ಲಿ ಬದಲಾಯಿತೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಆಮೇಲೆ ಒಬ್ಬರು ಹೊರಗೆ ನಿಂತು ಮೋಟಾರಿನ ತಲೆಯನ್ನು ಹಿಡಿದು ಹಿಂದೆ ಮುಂದೆ ಆಡಿಸಲಿ, ಇನ್ನೊಬ್ಬರು ಹಿಂಬದಿಯ ಪೆಟ್ಟಿಗೆಯೊಳಗೆ ತಲೆ ತೂರಿಸಿ ಟಾರ್ಚ್ ಹಿಡಿದು ನೋಡಲಿ. ನಟ್ಟಿನ ಕೆಳಗಿಂದ ಇಳಿದ ಕಂದು ಬಣ್ಣದ ಗೆರೆ, ಬೋಲ್ಟಿನ ತೂತಿನಿಂದ ಕಿರಣಗಳಂತೆ ಹರಡಿದ ಕೂದಲೆಳೆಯ ಬಿರುಕು, ಆಡಿಸಿದಾಗ ವಾಷರಿನ ಅಂಚಿನಲ್ಲಿ ಜಿನುಗುವ ನೀರು ಇವುಗಳಲ್ಲಿ ಒಂದು ಕಂಡರೂ ಬ್ರಾಕೆಟ್ ಬಿಚ್ಚುವ ಕಾಲ ಬಂತು. ಬಿಚ್ಚಿದ ಮೇಲೆ ಹಳೆಯ ತೂತಿನೊಳಗೆ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಬರುವ ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ. ತಿಳಿ ಬಣ್ಣದ ಒಣ ಚೂರು ಬಂದರೆ ನಿಮ್ಮ ಅದೃಷ್ಟ. ಸೋಸಿ ಉಳಿದ ಚಹಾ ಪುಡಿಯಂತೆ ಕಪ್ಪಾಗಿ ಒದ್ದೆಯಾಗಿ ಬಂದರೆ ಒಂದು ವಾರಾಂತ್ಯದಲ್ಲಿ ಮುಗಿಯುವ ಕೆಲಸವಲ್ಲ ಎಂದು ಮನೆಯವರಿಗೆ ಮೊದಲೇ ಹೇಳಿಬಿಡಿ.

ಮರ ಕೊಳೆತಿರುವುದು ತೂತಿನ ಸುತ್ತ ಒಂದೆರಡು ಬೆರಳಿನಗಲಕ್ಕೆ ಸೀಮಿತವಾಗಿದ್ದರೆ ದುರಸ್ತಿ ಸುಲಭ. ಒಳಗಡೆಯಿಂದ ತೂತನ್ನು ಎರಡರಷ್ಟು ಅಗಲ ಮಾಡಬೇಕು. ಹೊರಗಿನ ಪದರವನ್ನು ಮಾತ್ರ ಹಾಗೆಯೇ ಬಿಡಬೇಕು. ಬಗ್ಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ನಡುವಿನ ಮರವನ್ನು ಕೆರೆದು ತೆಗೆಯಬಹುದು. ಚೆನ್ನಾಗಿ ಒಣಗಲು ಬಿಡಿ. ಇಲ್ಲಿ ಆತುರ ಮಾಡಿದವರ ಕೆಲಸ ಮತ್ತೆ ಅಲ್ಲಿಗೇ ಬರುತ್ತದೆ. ಹೊರಗಿನ ಬಾಯಿಗೆ ಟೇಪ್ ಅಂಟಿಸಿ, ಮೊದಲು ತೆಳುವಾದ ಎಪಾಕ್ಸಿಯನ್ನು (ಬೆರೆಸಿದ ಮೇಲೆ ಕಲ್ಲಿನಂತೆ ಗಟ್ಟಿಯಾಗುವ ಅಂಟು) ಸವರಿ ಮರ ಕುಡಿಯಲು ಬಿಟ್ಟು, ನಂತರ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ತುಂಬಬೇಕು. ಅದು ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿಗೆ ಬೇಕಾದಷ್ಟೇ ತೂತು ಕೊರೆಯಬೇಕು. ಈಗ ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ. ಮುಂದೆ ಸೀಲೆಂಟ್ ಬಿಟ್ಟರೂ ನೀರು ಎಪಾಕ್ಸಿಯ ಕೊಳವೆಯಲ್ಲಿ ಹಾದು ದೋಣಿಯೊಳಗೆ ತೊಟ್ಟಿಕ್ಕುತ್ತದೆಯೇ ಹೊರತು ಮರಕ್ಕೆ ಸೇರುವುದಿಲ್ಲ. ಎಷ್ಟು ಬಿಗಿದರೂ ಗೋಡೆ ಕುಗ್ಗುವುದಿಲ್ಲ ಎಂಬುದು ಇನ್ನೊಂದು ಲಾಭ. ಹೊಸ ದೋಣಿಗೆ ಮೊದಲ ಬಾರಿ ತೂತು ಕೊರೆಯುವವರೂ ಇದನ್ನೇ ಮಾಡಬೇಕು.

ಮರ ಕೊಳೆತಿರುವುದು ಅಂಗೈ ಅಗಲವನ್ನು ಮೀರಿದ್ದರೆ ಒಳಪದರವನ್ನು ಕತ್ತರಿಸಿ, ಕೊಳೆತ ಮರವನ್ನೆಲ್ಲ ತೆಗೆದು, ಹೊಸ ಪ್ಲೈವುಡ್ ಕೂರಿಸಿ, ಮೇಲೆ ಮತ್ತೆ ಫೈಬರ್‌ಗ್ಲಾಸ್ ಹಾಸುವುದೊಂದೇ ದಾರಿ. ತೂತು ಕೊರೆದು ತೆಳು ಎಪಾಕ್ಸಿ ಸುರಿದರೆ ಕೊಳೆತ ಮರ ಗಟ್ಟಿಯಾಗುತ್ತದೆ ಎನ್ನುವ ಡಬ್ಬಿಗಳು ಮಾರುಕಟ್ಟೆಯಲ್ಲಿವೆ. ಕಿಟಕಿಯ ಚೌಕಟ್ಟಿಗೆ ಅವು ಸಾಕು, ಮೋಟಾರು ಹೊರುವ ಗೋಡೆಗೆ ನಾನು ಹಾಕುವುದಿಲ್ಲ.

ಒಳಗಿನ ತಟ್ಟೆಯನ್ನು 6 ಮಿ.ಮೀ. ಅಲ್ಯೂಮಿನಿಯಮ್ಮಿನಲ್ಲಿ ಮಾಡಬಹುದು, ಇಲ್ಲವೇ ಎಪಾಕ್ಸಿ ಕುಡಿಸಿದ 18 ಮಿ.ಮೀ. ಮರೈನ್ ಪ್ಲೈವುಡ್ಡಿನಲ್ಲಿ. ಊರಿನಲ್ಲಿ ಮಾಡಿಸುವವರು 710 ಪ್ಲೈ ಎಂದು ಕೇಳಿ. ಮರೈನ್ ಪ್ಲೈವುಡ್ಡಿಗೆ ಭಾರತದ ಮಾನಕ ಐಎಸ್ 710. ಅಂಚುಗಳನ್ನು ಇಳಿಜಾರಾಗಿ, ಮೂಲೆಗಳನ್ನು ದುಂಡಾಗಿ ಮಾಡಿ. ಚೂಪಾದ ಅಂಚಿದ್ದರೆ ಗೋಡೆ ಆ ಗೆರೆಯಲ್ಲೇ ಬಿರಿಯುತ್ತದೆ. ಟ್ರಾನ್ಸಮ್ಮಿನ ಒಳಮೈ ಎಂದೂ ಸಮತಟ್ಟಾಗಿರುವುದಿಲ್ಲ, ಫೈಬರ್‌ಗ್ಲಾಸ್ ಹೆಣಿಗೆಯ ಉಬ್ಬುತಗ್ಗು ಇರುತ್ತದೆ. ತಟ್ಟೆಯನ್ನು ಗಟ್ಟಿ ಎಪಾಕ್ಸಿಯ ಹಾಸಿಗೆಯ ಮೇಲೆ ಕೂರಿಸಿದರೆ ಮಾತ್ರ ಅದು ಎಲ್ಲ ಕಡೆ ಸಮವಾಗಿ ಒತ್ತುತ್ತದೆ, ಇಲ್ಲವಾದರೆ ಮೂರು ಉಬ್ಬುಗಳ ಮೇಲೆ ನಿಂತು ಉಳಿದೆಡೆ ಗಾಳಿಯಲ್ಲಿರುತ್ತದೆ. ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ಸೂ ಅಲ್ಯೂಮಿನಿಯಮ್ಮೂ ನೇರವಾಗಿ ತಾಗಿದರೆ ಅಲ್ಯೂಮಿನಿಯಮ್ ಪುಡಿಯಾಗುತ್ತದೆ. ನಡುವೆ ನೈಲಾನ್ ವಾಷರ್ ಅಥವಾ ನಿರೋಧಕ ಲೇಪ ಇರಲಿ. ಇಲ್ಲಿನ ಮರದಂಗಡಿಯ ಹಸಿರು ಛಾಯೆಯ ಹುಳುನಿರೋಧಕ ಮರದಲ್ಲಿ ತಾಮ್ರದ ಅಂಶವಿದೆ. ಅದನ್ನು ಅಲ್ಯೂಮಿನಿಯಮ್ ಬ್ರಾಕೆಟ್ಟಿಗೆ ತಾಗಿಸಲೇಬೇಡಿ.

ಸೀಲೆಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರ ಬಗ್ಗೆ ವಾದ ಮಾಡಲು ಬೇರೆಯೇ ಒಂದು ಸಂಜೆ ಬೇಕು. ಬ್ಯುಟೈಲ್ ಟೇಪ್ ಅಥವಾ ಪಾಲಿಸಲ್ಫೈಡ್ ಬಳಸಿ. ಶಾಶ್ವತವಾಗಿ ಅಂಟುವ ಪಾಲಿಯುರೆಥೇನ್ ಬೇಡ, ಬ್ರಾಕೆಟ್ಟನ್ನು ಮುಂದೆ ಒಂದು ದಿನ ತೆಗೆಯಬೇಕಾದಾಗ ಅದು ದೋಣಿಯ ಹೊರಮೈಯನ್ನೂ ಕಿತ್ತುಕೊಂಡು ಬರುತ್ತದೆ. ತೂತಿನ ಬಾಯನ್ನು ಸ್ವಲ್ಪ ಇಳಿಜಾರು ಮಾಡಿದರೆ ಸೀಲೆಂಟ್ ಅಲ್ಲಿ ಉಂಗುರದಂತೆ ನಿಲ್ಲುತ್ತದೆ. ಬಿಗಿಯುವಾಗ ಹೊರಗೆ ಬೋಲ್ಟಿನ ತಲೆಯನ್ನು ಅಲುಗದಂತೆ ಹಿಡಿದು ಒಳಗೆ ನಟ್ಟನ್ನು ಮಾತ್ರ ತಿರುಗಿಸಬೇಕು. ಸ್ಟೇನ್‌ಲೆಸ್ ನಟ್ಟು ವೇಗವಾಗಿ ತಿರುಗಿಸಿದರೆ ಬಿಸಿಯಾಗಿ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಗರಗಸವೇ ಬೇಕು. ಬೋಲ್ಟಿನ ತಿರುಪುಗೆರೆಗಳಿಗೆ ಆಂಟಿ ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಸವರಿ, ನಿಧಾನವಾಗಿ ತಿರುಗಿಸಿ.

ಬ್ರಾಕೆಟ್ ಎಲ್ಲಿರಬೇಕು? ಚುಕ್ಕಾಣಿಯನ್ನು ಪೂರ್ತಿ ಆ ಕಡೆ, ಪೂರ್ತಿ ಈ ಕಡೆ ತಿರುಗಿಸಿ, ಮೋಟಾರನ್ನೂ ಹಾಗೆಯೇ ತಿರುಗಿಸಿ, ಪ್ರೊಪೆಲರ್ ಚುಕ್ಕಾಣಿಗೆ ಯಾವ ಸ್ಥಿತಿಯಲ್ಲೂ ತಾಗದಂತೆ ಜಾಗ ಗುರುತಿಸಿ. ಎತ್ತರದ ವಿಷಯದಲ್ಲಿ ಜನ ಕಂಜೂಸುತನ ಮಾಡುತ್ತಾರೆ. ಮುಂಭಾಗದಲ್ಲಿ ಹಾಯಿ ಇಳಿಸಲು ಒಬ್ಬರು ಹೋದರೆ ಹಿಂಭಾಗ ಏಳುತ್ತದೆ, ಪ್ರೊಪೆಲರ್ ಗಾಳಿ ನುಂಗುತ್ತದೆ, ಮೋಟಾರು ಅರಚುತ್ತದೆ, ದೋಣಿ ಇದ್ದಲ್ಲೇ ಇರುತ್ತದೆ. ಬ್ರಾಕೆಟ್ ಕೆಳಗಿಳಿದಾಗ ಪ್ರೊಪೆಲರಿನ ಮೇಲಿರುವ ಚಪ್ಪಟೆ ರೆಕ್ಕೆ ನೀರಿನೊಳಗೆ ಚೆನ್ನಾಗಿ ಮುಳುಗಿರಬೇಕು. ಇದಕ್ಕಾಗಿಯೇ ಹಾಯಿದೋಣಿಗೆ 15 ಇಂಚಿನ ಶಾಫ್ಟ್ (ಮೋಟಾರಿನಿಂದ ಪ್ರೊಪೆಲರಿನ ಕಡೆಗೆ ಇಳಿಯುವ ಉದ್ದನೆಯ ಕಾಲು) ಬೇಡ, 20 ಇಂಚಿನದು ತೆಗೆದುಕೊಳ್ಳಿ, ಸಿಕ್ಕರೆ 25 ಇಂಚಿನದು.

ಮೋಟಾರನ್ನು ಬ್ರಾಕೆಟ್ಟಿನ ಹಲಗೆಗೆ ಹಿಡಿದಿರುವುದು ಎರಡು ತಿರುಪುಗಳು. ಅದುರಾಟಕ್ಕೆ ಅವು ಸಡಿಲವಾಗಿಯೇ ಆಗುತ್ತವೆ. ಹೊರಟ ಅರ್ಧ ಗಂಟೆಗೆ ಒಮ್ಮೆ ಕೈ ಹಾಕಿ ನೋಡಿ. ತಿರುಪಿನ ಎರಡು ಹಿಡಿಗಳನ್ನೂ ಒಟ್ಟಿಗೆ ಕಟ್ಟಿಹಾಕುವ ಬೀಗದ ಕೊಳವೆ ಕಳ್ಳರಿಗಾಗಿ ಇರುವುದು ನಿಜ, ಆದರೆ ತಿರುಪು ತಾನಾಗಿ ತಿರುಗುವುದನ್ನೂ ಅದು ತಡೆಯುತ್ತದೆ. ಇದರ ಜೊತೆಗೆ ಒಂದು ಸುರಕ್ಷತಾ ಹಗ್ಗ ಬೇಕೇ ಬೇಕು. ಅದರ ಒಂದು ತುದಿ ಮೋಟಾರಿಗೆ, ಇನ್ನೊಂದು ತುದಿ ದೋಣಿಗೆ. ಬ್ರಾಕೆಟ್ಟಿಗೆ ಕಟ್ಟಿದರೆ ಬ್ರಾಕೆಟ್ ಕಿತ್ತ ದಿನ ಎರಡೂ ಜೊತೆಯಾಗಿ ತಳ ಸೇರುತ್ತವೆ. ಹಗ್ಗ ಗಿಡ್ಡವಾಗಿರಲಿ, ಮೋಟಾರು ಜಾರಿದರೂ ಅದರ ತಲೆ ನೀರು ಮುಟ್ಟಬಾರದು.

ಇದರಲ್ಲಿ ನಮ್ಮ ಕರಾವಳಿಯ ನಾಡದೋಣಿಯವರು ನಮಗಿಂತ ಮುಂದಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ, 10 ಅಶ್ವಶಕ್ತಿಯೊಳಗಿನ ಔಟ್‌ಬೋರ್ಡ್ ಕಟ್ಟಿಕೊಂಡು ಮಳೆಗಾಲದ ಅಳಿವೆ ದಾಟುವವರು ಅವರು. ಅಂತಹ ಅಲೆಯ ನಡುವೆ ಮೋಟಾರು ಕಳಚಿದರೆ ಏನಾಗುತ್ತದೆಂದು ಅವರಿಗೆ ಯಾರೂ ಉಪನ್ಯಾಸ ಕೊಡಬೇಕಾಗಿಲ್ಲ. ಎಂಜಿನ್ನಿಗೆ ಹಗ್ಗ ಕಟ್ಟದೆ ಅವರು ದೋಣಿ ನೀರಿಗಿಳಿಸುವುದಿಲ್ಲ, ಕೆಲಸ ಮುಗಿದ ಮೇಲೆ ಎಂಜಿನ್ನನ್ನು ಬಿಚ್ಚಿ ಹೆಗಲ ಮೇಲೆ ಹೊತ್ತು ದಡಕ್ಕೆ ತರುತ್ತಾರೆ. ದೋಣಿಯ ಹಲಗೆಗೂ ವಿರಾಮ ಸಿಗುತ್ತದೆ.

ಇನ್ನು ಪ್ರಶ್ನೆಗಳು.

6ರ ಬದಲು 9.9 ಅಶ್ವಶಕ್ತಿಯ ಮೋಟಾರು ಹಾಕಿದರೆ ಸೆಳೆತದ ವಿರುದ್ಧ ಹೆಚ್ಚು ವೇಗ ಸಿಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ಅಷ್ಟಾಗಿ ಇಲ್ಲ. ದೋಣಿಯ ಉದ್ದವೇ ಅದರ ವೇಗಕ್ಕೆ ಮಿತಿ ಹಾಕುತ್ತದೆ, 6 ನಾಟ್ ದಾಟಿಸಲು ನೋಡಿದರೆ ಹಿಂಭಾಗ ನೀರಿಗೆ ಕುಸಿಯುತ್ತದೆ ಅಷ್ಟೇ. ಎದುರುಗಾಳಿ ಮತ್ತು ಅಲೆಯಲ್ಲಿ ಸ್ವಲ್ಪ ಪ್ರಯೋಜನವಿದೆ, ಆದರೆ ಅದಕ್ಕಾಗಿ ಹದಿನಾಲ್ಕು ಕೆಜಿ ಹೆಚ್ಚು ತೂಕವನ್ನು ಆ ಗೋಡೆಗೆ ತೂಗಹಾಕಬೇಕು. ನಾನು ಹಾಕುವುದಿಲ್ಲ.

ವಿದ್ಯುತ್ ಮೋಟಾರಿಗೆ ಇದೆಲ್ಲ ಬೇಕೇ? ಬೇಕು. ತೂಕ ಸ್ವಲ್ಪ ಕಡಿಮೆ, ಅದುರಾಟ ಬಹಳ ಕಡಿಮೆ. ಆದರೆ ಅಷ್ಟೇ ನೂಕುಬಲ ಬೇಕೆಂದರೆ ಬೋಲ್ಟುಗಳ ಮೇಲಿನ ಎಳೆತವೂ ಅಷ್ಟೇ. ಮುಂದಿನಿಂದ ಹಿಂದಕ್ಕೆ ಅದು ತಟ್ಟನೆ ಬದಲಾಗುತ್ತದೆ ಬೇರೆ.

ಟ್ರೇಲರ್ ಮೇಲೆ ದೋಣಿ ಎಳೆದುಕೊಂಡು ಹೋಗುವಾಗ ಮೋಟಾರು ಬ್ರಾಕೆಟ್ಟಿನಲ್ಲೇ ಇರಬಹುದೇ ಎಂಬುದು ಕೊನೆಯ ಪ್ರಶ್ನೆ. ಬೇಡ. ನೀರು ಮೆತ್ತಗೆ ಎತ್ತಿ ಇಳಿಸುತ್ತದೆ, ರಸ್ತೆಯ ಗುಂಡಿ ಹಾಗಲ್ಲ. ಬಿಚ್ಚಿ ಕಾರಿನೊಳಗೆ ಇಡಿ. ಫೋರ್ ಸ್ಟ್ರೋಕ್ ಮೋಟಾರನ್ನು ಯಾವ ಮಗ್ಗುಲಿಗೆ ಮಲಗಿಸಬೇಕೆಂದು ಅದರ ಕೈಪಿಡಿಯಲ್ಲಿರುತ್ತದೆ, ತಪ್ಪು ಮಗ್ಗುಲಿಗೆ ಮಲಗಿಸಿದರೆ ಎಣ್ಣೆ ಸಿಲಿಂಡರಿಗೆ ಇಳಿಯುತ್ತದೆ. ಬಿಚ್ಚುವ ಮೊದಲು ಬ್ರಾಕೆಟ್ಟನ್ನು ಅತಿ ಮೇಲಿನ ಹಂತಕ್ಕೆ ಎತ್ತಿ ಕೊಂಡಿ ಹಾಕಿ. ಕೆಳಗಿನ ಹಂತದಲ್ಲಿ ಸ್ಪ್ರಿಂಗ್ ಪೂರ್ತಿ ಬಿಗಿದಿರುತ್ತದೆ. ಮೋಟಾರಿನ ತೂಕ ಇಲ್ಲದಾಗ ಯಾರಾದರೂ ಕೊಂಡಿ ಮುಟ್ಟಿದರೆ ಬ್ರಾಕೆಟ್ ರಪ್ಪನೆ ಮೇಲೇಳುತ್ತದೆ, ಅದರ ದಾರಿಯಲ್ಲಿ ಬೆರಳಿದ್ದರೆ ಮೂಳೆ ಮುರಿಯಬಹುದು.